ಮಸ್ಕಿಯಿಂದ ಗರಸು ತಂದವಳು

ಲಿಂಗಸುಗೂರು
ಗುರುವಾರ, 20 ನವೆಂಬರ್ 2025

ಪ್ರೀತಿಯ ದಿದಿ,

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಹೋದ ಸಲದ ಕಾಗದದಲ್ಲಿ ನೀನು ಅದರ ಮಾತನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೆ, ಅದಕ್ಕೇ ಅನುಮಾನ. ಯಶೋಧರಾ ಕಳಿಸಿದ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಒಳ್ಳೆಯ ವಸ್ತು ಎಂದು ಟ್ರಂಕಿನಲ್ಲಿಟ್ಟಿದ್ದೀಯೋ? ನಿನ್ನ ತಮ್ಮನ ಈ ಹೆಂಡತಿ ಆಸ್ಪತ್ರೆಯಲ್ಲಿ ದಿನಕ್ಕೆ ನೂರು ಜನರನ್ನು ಗದರಿಸಿ ಬರುವವಳು. “ಅಕ್ಕಾರಿಗೆ ಬರೀರಿ, ಪಟ್ಟಿ ನೋಡಾಕ ಅಲ್ಲ, ಕಟ್ಟಿಕೊಳ್ಳಾಕ” ಅಂತ ನನ್ನ ಬೆನ್ನ ಹಿಂದೆಯೇ ನಿಂತು ಹೇಳುತ್ತಿದ್ದಾಳೆ. ನಮ್ಮ ಭಾವ, ಜಮಾಯ್‌ಬಾಬು ಅವರ ಸಕ್ಕರೆ ಹತೋಟಿಯಲ್ಲಿದೆಯೇ? ನಿನ್ನ ಅತ್ತೆ ಈ ವಯಸ್ಸಿನಲ್ಲೂ ಎರಡು ಹೊತ್ತು ಅನ್ನ ಉಣ್ಣುತ್ತಾರೆ ಎಂದು ಬರೆದಿದ್ದೆ. ಹಾಗೇ ಇರಲಿ. ಮಾ ಚೆನ್ನಾಗಿದ್ದಾಳೆ. ಬಲಗಣ್ಣಿನ ಪೊರೆ ತೆಗೆದು ವಾರವಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮಹಡಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, ಓಣಿಯಲ್ಲಿ ಯಾರ ಮನೆಯ ಬಟ್ಟೆ ಸರಿಯಾಗಿ ಬೆಳ್ಳಗಾಗಿಲ್ಲ ಎಂದು ಹೇಳುತ್ತಾಳೆ. ಡಾಕ್ಟರು ಇಷ್ಟು ಕಾಣುವಂತೆ ಮಾಡಬಾರದಿತ್ತು ಎಂದು ಓಣಿಯವರ ಅಭಿಪ್ರಾಯ.

ನಮ್ಮ ಕಾಗದಗಳನ್ನು ಕಂಡರೆ ನನ್ನ ಸಹೋದ್ಯೋಗಿಗಳಿಗೆ ಆಶ್ಚರ್ಯ. ಛತ್ತೀಸಗಡದ ಕಾಡಂಚಿನ ಪಾಖಾಂಜೂರಿಗೆ ಕನ್ನಡದಲ್ಲಿ ಏನು ಬರೆಯುತ್ತೀರಿ ಸಾರ್, ಅಲ್ಲಿ ಯಾರು ಓದುತ್ತಾರೆ ಎಂದು ಕೇಳುತ್ತಾರೆ. ನನ್ನ ಅಕ್ಕ ಓದುತ್ತಾಳೆ ಎನ್ನುತ್ತೇನೆ. ಫೋನಿನಲ್ಲಿ ನಾವು ಬಂಗಾಲಿಗಳು, ಕಾಗದದಲ್ಲಿ ಮಾತ್ರ ಕನ್ನಡದವರು. ಮನೆಮಾತಿನ ಅಕ್ಷರ ನಮ್ಮಿಬ್ಬರಿಗೂ ಬರುವುದಿಲ್ಲ. ಸಿಂಧನೂರಿನ ಬಳಿಯ ನಮ್ಮ ನಿರಾಶ್ರಿತರ ಕ್ಯಾಂಪಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತು ನೀನು ಮದುವೆಯಾಗಿ ರೈಲು ಹತ್ತಿದಾಗ ನನಗೆ ಐದು ವರ್ಷ. ನನಗೆ ನೀನು ಗೊತ್ತಾದದ್ದು ಕಾಗದಗಳಿಂದಲೇ. ಈಗ ನಾನು ಹೇಳಲಿರುವುದು ಕೂಡ ಅದಕ್ಕೇ ಫೋನಿನಲ್ಲಿ ಹೇಳುವಂಥದ್ದಲ್ಲ.

ಮಾ ತನ್ನ ಜೀವನ ಬರೆಸುತ್ತಿದ್ದಾಳೆ ಎಂದು ತಿಳಿಸಿದ್ದೆನಲ್ಲ. ಸಿಂಧನೂರಿನಲ್ಲಿ ಮುದ್ರಣಾಲಯ ಇಟ್ಟಿರುವ ಆನಂದಕುಮಾರ, ನನ್ನ ಹಳೆಯ ವಿದ್ಯಾರ್ಥಿ, ಒಂದು ಭಾನುವಾರ ಮೀನು ಕೊಳ್ಳಲು ಕ್ಯಾಂಪಿಗೆ ಹೋಗಿ, ಮಾಳ ಮಾತು ಕೇಳುತ್ತ ಕೂತು, ಮೀನನ್ನು ಅಲ್ಲೇ ಮರೆತು ಬಂದ. ಮರುದಿನ ಬಂದು ಪುಸ್ತಕ ಮಾಡೋಣ ಎಂದ. ಮಾ ಹೇಳಬೇಕು, ನಾನು ಬರೆದುಕೊಳ್ಳಬೇಕು. ಬಂಗಾಲಿಯಲ್ಲಿ ಹೇಳು, ನಾನು ತಿರುಗಿಸಿ ಬರೆಯುತ್ತೇನೆ ಎಂದೆ. ಒಪ್ಪಲಿಲ್ಲ. ಐವತ್ತು ವರ್ಷ ಸಿಂಧನೂರಿನ ಸಂತೆಯಲ್ಲಿ ಮೀನು ಮಾರಿದ ಕನ್ನಡದಲ್ಲೇ ಹೇಳುತ್ತೇನೆ, ಓದುವವರು ಇಲ್ಲಿಯ ಮಂದಿ ಎಂದಳು. ಹಾಗೆ ನಾನು ನನ್ನ ತಾಯಿಯ ಬದುಕಿನಲ್ಲಿ ಗುಮಾಸ್ತನಾದೆ. ಅದು ನನಗೆ ಒಗ್ಗುವ ಕೆಲಸ. ನಮ್ಮ ಮನೆಯಲ್ಲಿ ಎಲ್ಲವೂ ನಡೆದು ಮುಗಿದ ಮೇಲೆ ಹುಟ್ಟಿದವನು ನಾನೊಬ್ಬನೇ.

ಅವಳು ಹಾಕಿದ ಕಟ್ಟಳೆಗಳು ಕೇಳು. “ನಾವು ಓಡಿ ಬಂದ್ವಿ ಅಂತ ಬರೀಬ್ಯಾಡ. ನಡಕೊಂತ ಬಂದೀವಿ. ಓಡಾವ್ರು ಕಳ್ಳರು.” ಇನ್ನೊಂದು: “ಅಳೋದು ಬರೀಬ್ಯಾಡ. ಅತ್ತಾಕಿ ನಾನು, ಓದಾವ್ರು ಯಾಕ ಅಳಬೇಕು?” ಆದ್ದರಿಂದ ಪೂರ್ವ ಬಂಗಾಲದ ಖುಲ್ನಾ ಜಿಲ್ಲೆಯ ಆ ನದಿದಂಡೆಯ ಊರನ್ನು ಬಿಟ್ಟ ಅಧ್ಯಾಯ ಬಹಳ ಚಿಕ್ಕದು. ಒಂದೇ ದೇಶದವರು ಎರಡಾಗಿ ಹೊಡೆದಾಡಿಕೊಂಡ ವರ್ಷ. ಒಂದು ಕಡೆ ಸೈನ್ಯ, ಇನ್ನೊಂದು ಕಡೆ ಬಂದೂಕು ಹಿಡಿದ ಹುಡುಗರು, ನಡುವೆ ಭತ್ತ ಬೆಳೆಯುವವರು. ನದಿಯಾಚೆಯ ಪೇಟೆ ಉರಿಯುವುದನ್ನು ನೋಡಿ ನಮ್ಮ ಬಾಬಾ ದೋಣಿ ಬಿಚ್ಚಿದ. ಅಜ್ಜಿಯನ್ನು ನಡುವೆ ಕೂರಿಸಿದರು, ಏಳು ವರ್ಷದ ನಿನ್ನನ್ನು ಅವಳ ಕಾಲ ಬಳಿ. ಮಾ ಪಾತ್ರೆ ಬಿಟ್ಟಳು, ಹಾಸಿಗೆ ಬಿಟ್ಟಳು, ಮೀನು ಕುಯ್ಯುವ ಬೋಟಿಯನ್ನು ಗಮಚದ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಯುದ್ಧದ ನಡುವೆ ಅಷ್ಟುದ್ದದ ಬಾಗಿದ ಅಲಗು ಇಟ್ಟುಕೊಂಡು ಗಡಿ ದಾಟಿದೆಯಾ ಎಂದು ಕೇಳಿದೆ. “ಊರು ಬಿಟ್ರ ಮೀನಾ ಬಿಡ್ತೀವೇನು?” ಎಂದಳು. ದೋಣಿಯ ಮೇಲೆ ಹಾದುಹೋದ ವಿಮಾನ, ಪಶ್ಚಿಮ ಬಂಗಾಲದ ಚಾಪೆ ಗೋಡೆಯ ಶಿಬಿರ, ರಾಯಪುರದ ಬಳಿಯ ಗುಡಾರಗಳಲ್ಲಿ ಅಜ್ಜಿ ತೀರಿಕೊಂಡದ್ದು, ರಾಯಚೂರಿನವರೆಗೆ ರೈಲು, ಅಲ್ಲಿಂದ ಲಾರಿ. ಎಲ್ಲ ಹತ್ತೇ ಪುಟ. ಇಳಿದ ಜಾಗದಿಂದ ಆಚೆಗೆ ಮಾತ್ರ ಅವಳ ಧ್ವನಿ ಗಟ್ಟಿಯಾಗುತ್ತದೆ. ಅವಳ ಪ್ರಕಾರ ಕಥೆ ಅಲ್ಲಿ ಶುರು.

ಬಂದವರು ಮಾಡಿದ ಮೊದಲ ತಪ್ಪನ್ನು ಅವಳು ನಗುತ್ತಲೇ ಬರೆಸಿದಳು. ನಮ್ಮ ಕಡೆ ಮನೆ ಕಟ್ಟುವುದೆಂದರೆ ಮೊದಲು ಕೆರೆ ತೋಡುವುದು. ತೋಡಿದ ಮಣ್ಣನ್ನು ಪಕ್ಕಕ್ಕೆ ಒಟ್ಟಿ, ಬಡಿದು ದಿಬ್ಬ ಮಾಡಿ, ಅದರ ಮೇಲೆ ಮನೆ. ನದಿ ಏರಿದಾಗ ದಿಬ್ಬ ಉಳಿಸುತ್ತದೆ, ಇಳಿದಾಗ ಕೆರೆಯ ಮೀನು ಉಳಿಸುತ್ತದೆ. ಈ ಸೀಮೆಯಲ್ಲಿ ಏರುವ ನದಿಯೇ ಇಲ್ಲ. ಆದರೆ ಕೈಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಸರ್ಕಾರ ಕೊಟ್ಟ ತಗಡಿನ ಖೋಲಿಯಲ್ಲಿ ಒಂದು ಬೇಸಿಗೆ ಬೆಂದು, ಎಲ್ಲರೂ ಸೇರಿ ಎರೆಮಣ್ಣಿನಲ್ಲಿ ಹೊಂಡ ತೋಡಿ, ಎರೆಮಣ್ಣಿನದೇ ದಿಬ್ಬ ಒಟ್ಟಿ, ಅದರ ಮೇಲೆ ಗೋಡೆ ಎಬ್ಬಿಸಿದರು. ಎರೆ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೊದಲ ಮಳೆಗೆ ಗೋಡೆಗಳು ವಾಲಿದವು, ಚಳಿಗಾಲದ ಹೊತ್ತಿಗೆ ಬಿರುಕಿನಲ್ಲಿ ಕೈ ತೂರುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, “ಎರಿ ಮ್ಯಾಲ ಎರಿ ಒಟ್ಟ್ಯಾರ ನೋಡ್ರಪಾ, ಇವ್ರಿಗೆ ಮನಿ ಬೇಕೋ ಜೋಕಾಲಿ ಬೇಕೋ” ಎಂದು ನಗುತ್ತಿದ್ದರಂತೆ. ಮಾತು ತಿಳಿಯದಿದ್ದರೂ ನಗು ತಿಳಿಯುತ್ತಿತ್ತು. ಈ ನೆಲ ನಮ್ಮನ್ನು ಬೇಡ ಅನ್ನುತ್ತಿದೆ ಎಂದು ಕ್ಯಾಂಪಿನ ಹಿರಿಯರು ತೀರ್ಮಾನಿಸಿದರು. ಮತ್ತೆ ಬಂಗಾಲಕ್ಕೆ ಹೊರಡಲು ಗಂಟುಮೂಟೆ ಕಟ್ಟಿದರು.

ಇಲ್ಲಿ ಮಾ ನಿಲ್ಲಿಸಿ, ಆಮೇಲೆ ಒಂದೇ ವಾಕ್ಯ ಬರೆಸಿದಳು: “ಹಿರಿಯಾರು ಇಚಾರ ಮಾಡಿ ಮಸ್ಕಿಯಿಂದ ಗರಸು ತರಿಸಿದ್ರು, ಮನಿ ನಿಂತಾವು.” ಗರಸು ಎಂದರೆ ಗುಡ್ಡದ ಬುಡದ ಕೆಂಪು ಹರಳುಮಣ್ಣು ಎಂದು ನಿನಗೆ ಹೇಳಬೇಕಿಲ್ಲ. ಎರೆಯನ್ನು ಅಗೆದು ತೆಗೆದು ಅದನ್ನು ತುಂಬಿದರೆ ಗೋಡೆ ಅಲುಗುವುದಿಲ್ಲ. ನನಗೆ ಹೊಳೆದದ್ದು ಇಷ್ಟೇ: ಯಾವ ಹಿರಿಯರು? ಬಾಬಾ ಸಾಯುವವರೆಗೂ ಕನ್ನಡದಲ್ಲಿ ‘ನೀರು ಬಿಡ್ರಿ’ ಮತ್ತು ‘ಆಯ್ತು’ ಎಂದಷ್ಟೇ ಹೇಳಬಲ್ಲವನಾಗಿದ್ದ, ಉಳಿದವರು ಅಷ್ಟೂ ಇಲ್ಲ. ಇವರಿಗೆ ಗರಸಿನ ವಿಷಯ ಹೇಳಿದವರು ಯಾರು, ಕೇಳಿದವರು ಯಾರು? “ಹಿರಿಯಾರು ಅಂದ್ರ ಹಿರಿಯಾರು. ಬರಿ” ಎಂದಳು. ಬರೆದೆ. ಇನ್ನೊಂದು ವಿಷಯ ನಾನು ಆಮೇಲೆ ಗಮನಿಸಿದ್ದು: ಲಾರಿಯಿಂದ ಇಳಿದ ಮೇಲೆ ಪುಸ್ತಕದಲ್ಲಿ ನೀನಿಲ್ಲ. ‘ಮಕ್ಕಳು’ ಎಂದಿದೆ. ಶೆಫಾಲಿ ಎಂಬ ನಿನ್ನ ಹೆಸರಿಲ್ಲ.

ಹನ್ನೆರಡನೆಯ ತಾರೀಖು ಕಣ್ಣಿನ ಆಪರೇಷನ್ನಿಗೆಂದು ಮಾಳನ್ನು ಕ್ಯಾಂಪಿನಿಂದ ಇಲ್ಲಿಗೆ ಕರೆತರುತ್ತಿದ್ದೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಮಸ್ಕಿಯ ಮೇಲೆಯೇ ದಾರಿ, ಅದನ್ನು ನೀನು ಮರೆತಿರಲಾರೆ. ಮಸ್ಕಿಯಲ್ಲಿ ಬಸ್ಸು ಕೆಟ್ಟಿತು. ಮಾ ಆ ಊರಲ್ಲಿ ಇಳಿಯುವುದೇ ಇಲ್ಲ, ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ಬೇರೆ ದಾರಿಯಿಲ್ಲದೆ ಇಳಿದಳು. ಹಸಿವಾಗಿತ್ತು, ಒಗ್ಗಾಣಿ, ಮಿರ್ಚಿ ಕೊಡಿಸಿದೆ. ಹುರಿದ ಮಂಡಕ್ಕಿಯನ್ನು ನೆನೆಸಿ ಹಾಳು ಮಾಡುತ್ತಾರೆ ಎಂದು ಬಂಗಾಲಿಯಲ್ಲಿ ಬೈಯುತ್ತಲೇ ಪೂರ್ತಿ ತಿಂದಳು. ಪಕ್ಕದಲ್ಲಿ ಒಂದು ಸಿಮೆಂಟಿನ ಅಂಗಡಿ. ಅದರ ಮುಂದೆ ಕುರ್ಚಿಯಲ್ಲಿ ಕೂತಿದ್ದ ಮುದುಕರೊಬ್ಬರು ನಮ್ಮ ಮಾತು ಕೇಳಿ, “ಕ್ಯಾಂಪಿನವ್ರೇನ್ರಿ?” ಎಂದರು. ಅಂಗಡಿ ಮಗನದು, ಅವರ ಹೆಸರು ದಸ್ತಗೀರ್‌ಸಾಬ್. ಹೌದು ಎಂದೆ. ಮುದುಕರ ಮುಖ ಅರಳಿತು. “ನಿಮ್ಮ ಕ್ಯಾಂಪಿನಾಗ ಒಬ್ಬಾಕಿ ಹುಡುಗಿ ಇದ್ಲು, ಶೇಪಾಲಿ ಅಂತ. ಅದಾಳೇನ್ರಿ ಆಕಿ?”

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. “ಆವಾಗ ನಾ ಬಂಡಿ ಹೊಡೀತಿದ್ದೆ. ಗುಡ್ಡದ ಬಾಜೂಕ ಗರಸು ತುಂಬಾಕತ್ತಿದ್ವಿ. ನಿಮ್ಮ ಕ್ಯಾಂಪಿನ ಬಾಜೂ ಹಳ್ಳಿ ಗದ್ದೆಮ್ಮ ಅಂತ, ಕುರಿ ಸಾಕಿದಾಕಿ, ಆಕಿ ಸೆರಗ ಹಿಡಕೊಂಡು ಇಷ್ಟುದ್ದ ಹುಡುಗಿ ಬಂತು. ‘ಲೇ, ನಮ್ಮ ಕ್ಯಾಂಪಿಗೆ ಗರಸು ಹಾಕಲೇ’ ಅಂತು! ಮೀಸಿ ಬಂದಾವ್ರಿ ನನಗ, ಮದುವಿ ಮಾತು ನಡದಾವು, ನನಗ ಲೇ! ಗದ್ದೆಮ್ಮ ಬಿದ್ದು ಬಿದ್ದು ನಕ್ಕಳು. ‘ಸಿಟ್ಟಾಗಬ್ಯಾಡಪಾ ತಮ್ಮಾ, ಕುರಿ ಕಾಯೋ ಹುಡುಗ್ರ ಜೋಡಿ ಮಾತು ಕಲ್ತಾಳ, ರೀ ಅನ್ನೋದು ಇನ್ನಾ ಬಂದಿಲ್ಲ’ ಅಂದ್ಲು. ರೊಕ್ಕ ಎಲ್ಲೈತಿಬೇ ಅಂದ್ರ, ಬರೋ ಮಳಿಗಾಲಕ್ಕ ಮೀನಾ ಕೊಡ್ತೀವಿ ಅಂತು. ಎಲ್ಲದಾವು ಮೀನಾ ಅಂದೆ. ‘ಇನ್ನಾ ಹುಟ್ಟಿಲ್ಲಲೇ’ ಅಂತು ನೋಡ್ರಿ! ಹುಟ್ಟಲಾರದ ಮೀನಿಗೆ ಗರಸು ಹಾಕಿದ ಪೈಲಾ ಮನುಷ್ಯಾ ನಾನ.” ಆಮೇಲೆ ನೀನು ಬಂಡಿಯ ಮೇಲೆ ನಿಂತುಕೊಂಡೇ ಕ್ಯಾಂಪಿಗೆ ಬಂದದ್ದು, ಗದ್ದೆಮ್ಮ ಹೇಳಿದ್ದನ್ನು ಮನೆಮನೆಗೆ ತಿರುಗಿಸಿ ಹೇಳಿದ್ದು, ಎಷ್ಟು ಆಳ ಅಗೆಯಬೇಕೆಂದು ನಿನ್ನ ಎದೆಯ ಮಟ್ಟ ತೋರಿಸಿದ್ದು. “ಮುದುಕರ್ನೆಲ್ಲ ನಿಲ್ಲಿಸಿ ಬೈದ್ಲುರಿ. ಬಂಗಾಲಿಯಾಗ ಬೈದ್ಲು, ನನಗ ತಿಳೀಲಿಲ್ಲ, ಬೈಗಳ ಅನ್ನೋದು ತಿಳೀತು. ಗಂಟು ಕಟ್ಟಿದ ಮಂದಿ ಗಂಟು ಬಿಚ್ಚಿದ್ರು. ಮೀನಾನೂ ಬಂತು, ಮುಂದಿನ ವರ್ಷ. ಆಕಿ ಎಲ್ಲದಾಳ್ರಿ ಈಗ?”

ನಾನು ಬಾಯಿ ತೆರೆದೆ. ಮಾ ನನ್ನ ತೋಳು ಹಿಡಿದು ಜಗ್ಗಿದಳು. “ಯಾರೋ ಏನೋ. ನಮಗ ಗೊತ್ತಿಲ್ರಿ” ಎಂದು ಎದ್ದಳು. ದಸ್ತಗೀರ್‌ಸಾಬ್ ಅವರ ಮುಖ ಒಂದಿಷ್ಟು ಮಂಕಾಯಿತು, ದೇಶ ತುಂಬ ದೊಡ್ಡದೈತಿ, ಎಲ್ಲ್ಯರ ಇರಲಿ, ಚೊಲೋ ಇರಲಿ ಎಂದರು. ಬೇರೆ ಬಸ್ಸು ಬಂತು. ಲಿಂಗಸುಗೂರಿನವರೆಗೆ ಮಾ ಕಿಟಕಿಯ ಕಡೆ ತಿರುಗಿ ಕೂತಳು, ಪೊರೆ ಬಂದ ಕಣ್ಣಿಗೆ ಹೊರಗೆ ಏನು ಕಾಣುತ್ತಿತ್ತೋ. ತನ್ನ ಮಗಳು ಗೊತ್ತೇ ಇಲ್ಲ ಎಂದವಳ ಪಕ್ಕ ಕೂತು ನಾನು ಪುಸ್ತಕದ ಬಗ್ಗೆ ಯೋಚಿಸುತ್ತಿದ್ದೆ. ಅದು ನನ್ನ ಸ್ವಭಾವ, ನಿನಗೆ ಗೊತ್ತು. ಎದುರಿಗೇ ಏನಾದರೂ ನಡೆದರೆ ನಾನು ಅದರ ವಾಕ್ಯವನ್ನು ಹುಡುಕುತ್ತೇನೆ.

ಕೇಳಬೇಕಾದ್ದನ್ನು ಕೇಳಿದವಳು ಯಶೋಧರಾ. ಆಪರೇಷನ್ ಆದ ಮೂರನೆಯ ದಿನ ಕಣ್ಣಿಗೆ ಹನಿ ಹಾಕುತ್ತ, ತಲೆ ಅಲುಗಿಸಲು ಆಗದಂತೆ ಗದ್ದ ಹಿಡಿದುಕೊಂಡು, “ಅತ್ತಿ, ಹೊಟ್ಟ್ಯಾಗ ಹುಟ್ಟಿದಾಕಿನ್ನ ಗೊತ್ತಿಲ್ಲ ಅಂದ್ರಂತಲ್ಲ, ಯಾಕ್ರಿ?” ಎಂದಳು. ಮಾ ಕಣ್ಣು ಮುಚ್ಚಿಕೊಂಡೇ ಹೇಳಿದಳು. ಹೆಣ್ಣುಹುಡುಗಿ ಬಂಡಿಯ ಮೇಲೆ ನಿಂತು ಪರ ಊರ ಗಂಡಸರ ಜೊತೆ ಮಾತಾಡಿದಳು, ಹಿರಿಯರನ್ನು ಬೈದಳು. ಮನೆಗಳು ನಿಂತವು, ಆದರೆ ಸುತ್ತಲಿನ ಯಾವ ಕ್ಯಾಂಪಿನಿಂದಲೂ ನಿನ್ನನ್ನು ಕೇಳಿ ಯಾರೂ ಬರಲಿಲ್ಲ. ಬಾಯಿಬಡಕಿ ಎಂದರು. ನೀನು ಕಟ್ಟಿಸಿಕೊಟ್ಟ ಗೋಡೆಗಳ ಒಳಗೆ ಕೂತುಕೊಂಡೇ ಅಂದರು. ಕೊನೆಗೆ ಪಾಖಾಂಜೂರಿನ ಸಂಬಂಧ ತಂದವನು ಹೇಳಿದನಂತೆ: ಅವರಿಗೆ ಬಾಯಿ ಇಲ್ಲದ ಸೊಸೆ ಬೇಕು. ಮಾ ದೇವರ ಪಟದ ಮುಂದೆ ನಿಂತು, ನನ್ನ ಮಗಳಿಗೆ ಬಾಯಿಯೇ ಇಲ್ಲ ಎಂದು ಮಾತು ಕೊಟ್ಟಳು. ಆಮೇಲೆ ಕ್ಯಾಂಪಿನ ಹಳಬರ ಹತ್ತಿರವೂ, ಶೆಫಾಲಿಯ ಗರಸಿನ ಕಥೆ ಯಾರೂ ಎತ್ತಬಾರದು ಎಂದು ಆಣೆ ಹಾಕಿಸಿಕೊಂಡಳು. ಅವರಿಗೂ ಅದು ಅನುಕೂಲವೇ ಆಗಿರಬೇಕು. ಗರಸು ಹಿರಿಯರದಾಯಿತು.

ಯಶೋಧರಾಗೆ ನಗು ತಡೆಯಲಾಗಲಿಲ್ಲ. “ಅತ್ತಿ, ಪಾಖಾಂಜೂರಿನಾಗ ಕನ್ನಡ ಓದಾವ್ರು ಯಾರದಾರ್ರಿ? ಅಕ್ಕಾರ ಒಬ್ರ! ಬೀಗರಿಗೆ ಹ್ಯಾಂಗ ತಿಳೀತೈತಿ?” ಎಂದಳು. ಮಾ ಗದ್ದ ಬಿಡಿಸಿಕೊಂಡು ಎದ್ದು ಕೂತಳು. ಅದು ಅವಳಿಗೆ ಹೊಳೆದೇ ಇರಲಿಲ್ಲ ಎಂದು ನನ್ನ ಅನುಮಾನ. ಆಮೇಲೆ, “ಓದಾವ್ರು ಇಲ್ಲಂದ್ರ ಕೊಟ್ಟ ಮಾತು ಮಾತಲ್ಲೇನು?” ಎಂದಳು. ಅಲ್ಲಿಗೆ ನಿಂತಿತು.

ನಾನು ಒತ್ತಾಯ ಮಾಡಿಲ್ಲ. ಪುಸ್ತಕ ಡಿಸೆಂಬರ್ ಎರಡನೆಯ ವಾರ ಅಚ್ಚಿಗೆ ಹೋಗುತ್ತದೆ. ಈಗ ಇರುವ ಹಾಗೇ ಹೋದರೆ ಮುಂದೆ ಯಾರು ಓದಿದರೂ ‘ಹಿರಿಯರು’ ಎಂಬ ಒಂದು ಪದ ಓದುತ್ತಾರೆ. ಕ್ಯಾಂಪಿನ ನಲವತ್ತು ಮನೆಗಳು ನಿಂತಿರುವುದು ಆ ಪದದ ಮೇಲೆ ಅಲ್ಲ ಎಂದು, ಆಣೆ ಹಾಕಿದ ಹಳಬರನ್ನು ಬಿಟ್ಟರೆ, ಗೊತ್ತಿರುವವರು ಮಾ, ದಸ್ತಗೀರ್‌ಸಾಬ್, ನೀನು, ಈಗ ನಾವಿಬ್ಬರು. ಮಾ ಕೊಟ್ಟ ಮಾತು ಅವಳದು, ಅದನ್ನು ಮುರಿ ಎನ್ನಲು ನಾನು ಯಾರು? ಆದರೆ ಕಥೆ ನಿನ್ನದು. ನಾನು ಎರಡು ಸಲ ಪಾಖಾಂಜೂರಿಗೆ ಬಂದಾಗಲೂ ನೀನು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಹತ್ತಿರ ನಿಂತಿದ್ದೆ. ಕೇಳಿದ್ದಕ್ಕೆಲ್ಲ ತಲೆ ಅಲುಗಿಸಿದೆ, ಉತ್ತರ ಜಮಾಯ್‌ಬಾಬು ಕೊಟ್ಟರು. ಕಾಗದದಲ್ಲಿ ನನ್ನನ್ನು ಇಷ್ಟು ಬೈಯುವವಳು ಎದುರಿಗೆ ಇಷ್ಟು ಮೆತ್ತಗೆ ಯಾಕೆ ಎಂದು ಆಗ ಅಂದುಕೊಂಡಿದ್ದೆ. ನೀನೂ ಮಾಳ ಮಾತನ್ನು ಇಷ್ಟು ವರ್ಷ ನಡೆಸಿಕೊಂಡು ಬಂದೆಯಾ, ಅಥವಾ ಅಲ್ಲಿ ಎಲ್ಲರಿಗೂ ಎಂದೋ ಹೇಳಿ ನಗಿಸಿದ್ದೀಯಾ, ನನಗೆ ತಿಳಿಯದು.

ನನ್ನ ಮಟ್ಟಿಗೆ ಒಂದು ಮಾತು ಹೇಳಲೇಬೇಕು. ನಾನು ಈ ಊರಿನ ಮಕ್ಕಳಿಗೆ ಅವರದೇ ಭಾಷೆ ಕಲಿಸಿ ಸಂಬಳ ತಿನ್ನುತ್ತೇನೆ. ಬಂಗಾಲಿ ಮೇಷ್ಟ್ರು ಕನ್ನಡ ಹೇಳ್ತಾರೆ ಎಂದು ಹೊಗಳಿಸಿಕೊಂಡಿದ್ದೇನೆ, ಒಂದೆರಡು ಶಾಲು ಕೂಡ ಹೊದ್ದಿದ್ದೇನೆ. ನಮ್ಮ ಮನೆಗೆ ಕನ್ನಡ ತಂದವನು ನಾನು ಎಂಬ ಜಂಬ ಒಳಗೊಳಗೆ ಇತ್ತು. ಮೊನ್ನೆ ತರಗತಿಯಲ್ಲಿ ಪಾಠ ಮಾಡುತ್ತಿರುವಾಗ ನಡುವೆ ನಿಂತುಬಿಟ್ಟೆ. ಕುರಿ ಕಾಯುವ ಹುಡುಗರಿಂದ ಕಲಿತ ನಾಲ್ಕು ಮಾತಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಒಂದು ಕ್ಯಾಂಪನ್ನೇ ನೆಲದ ಮೇಲೆ ನಿಲ್ಲಿಸಿದ್ದಾಳೆ, ನನ್ನ ಇಪ್ಪತ್ತೈದು ವರ್ಷದ ವ್ಯಾಕರಣ ಒಂದು ಗೋಡೆಯನ್ನೂ ನಿಲ್ಲಿಸಿಲ್ಲ. ಮಕ್ಕಳು ಯಾಕೆ ಸಾರ್ ನಗ್ತೀರಿ ಎಂದರು. ನಮ್ಮ ಅಕ್ಕ ನೆನಪಾದಳು ಎಂದೆ. ಅಷ್ಟು ಹೆಮ್ಮೆಯಿಂದ ನಾನು ತರಗತಿಯಲ್ಲಿ ಯಾವ ಕವಿಯ ಹೆಸರೂ ಹೇಳಿಲ್ಲ.

ಶನಿವಾರ ಮಾಳನ್ನು ಕ್ಯಾಂಪಿಗೆ ಬಿಟ್ಟುಬರಬೇಕು, ಕಾಗದವನ್ನು ಸಿಂಧನೂರಿನಲ್ಲೇ ಅಂಚೆಗೆ ಹಾಕುತ್ತೇನೆ. ನಿನ್ನ ಅತ್ತೆಗೆ, ಜಮಾಯ್‌ಬಾಬು ಅವರಿಗೆ ನನ್ನ ಪ್ರಣಾಮ. ಮಕ್ಕಳಿಗೆ, ಸೊಸೆಗೆ ಪ್ರೀತಿ. ಯಶೋಧರಾ ನಿನ್ನ ಕಾಲಿಗೆ ಬೀಳುತ್ತಾಳೆ, ಮೊಣಕಾಲು ನೋಡಿಕೊಂಡು ಎಂದು ಸೇರಿಸು ಎನ್ನುತ್ತಾಳೆ.

ನಿನ್ನ ತಮ್ಮ,
ನಿತಾಯ್

ತಾ.ಕ.: ಶನಿವಾರ, ಕ್ಯಾಂಪಿನಿಂದ. ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇವತ್ತು ಮಸ್ಕಿ ಬಂದ ಕೂಡಲೇ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಮಾ ಎದ್ದಳು. ಕಪ್ಪು ಕನ್ನಡಕದಲ್ಲೇ ನೇರ ಸಿಮೆಂಟಿನ ಅಂಗಡಿಗೆ ಹೋದಳು. ನಾನು ಹಿಂದೆ ಓಡಿದೆ. “ಸಾಬ್ರ, ಅವತ್ತ ನಾ ಸುಳ್ಳ ಹೇಳಿದ್ನಿ. ಆ ಹುಡುಗಿ ನಮ್ಮಾಕಿ. ನನ್ನ ಮಗಳು” ಎಂದಳು, ಸಂತೆಯಲ್ಲಿ ಮೀನು ಕೂಗುವ ಧ್ವನಿಯಲ್ಲಿ. ಅಂಗಡಿಗೆ ಬಂದವರೆಲ್ಲ ತಿರುಗಿ ನೋಡಿದರು. ದಸ್ತಗೀರ್‌ಸಾಬ್ ಎದ್ದು ನಿಂತು, ತಮ್ಮ ಕುರ್ಚಿ ಅವಳಿಗೆ ಕೊಟ್ಟು, “ಹಂಗಂದ್ರ ಕುಂದರ್ರಿ ಅವ್ವಾ” ಎಂದರು, ಅಷ್ಟೇ. ಕಂಡಕ್ಟರ್ ಸೀಟಿ ಊದುತ್ತಲೇ ಇದ್ದ. ಮತ್ತೆ ಬಸ್ಸಿನಲ್ಲಿ ಸಿಂಧನೂರಿನವರೆಗೆ ಹೇಳಿದಳು, ನಾನು ಬರೆದೆ. ನಿನ್ನ ಹೆಸರಿನೊಂದಿಗೆ, ಎಂಟು ಪುಟ. ‘ಹಿರಿಯರು’ ಎಲ್ಲಿದೆ ತೋರಿಸು ಎಂದು ನನ್ನ ಪೆನ್ನು ಕಿತ್ತುಕೊಂಡು ತಾನೇ ಹೊಡೆದುಹಾಕಿದಳು, ಕಾಗದ ಹರಿಯುವಷ್ಟು ಗಟ್ಟಿಯಾಗಿ. ಆದರೆ ನೀನು ಹೂಂ ಅನ್ನದೆ ಅಚ್ಚಾಗಕೂಡದಂತೆ. ಡಿಸೆಂಬರ್ ಏಳು, ಭಾನುವಾರ ಬೆಳಿಗ್ಗೆ ಅವಳೇ ಫೋನ್ ಮಾಡುತ್ತಾಳೆ. ಯಾವಾಗಲೂ ಎತ್ತುವುದು ಜಮಾಯ್‌ಬಾಬು. ಅವರ ಉತ್ತರ ಬೇಡವಂತೆ, ನೀನು ಬರುವವರೆಗೆ ಇಡುವುದಿಲ್ಲವಂತೆ. ನಿನ್ನ ಅತ್ತೆಗೂ ಕೇಳಿಸುವ ಹಾಗೆ ಮಾತಾಡಬೇಕಂತೆ. ಬೇಡ ಎನ್ನುವುದಿದ್ದರೂ ಸರಿಯೇ, ಬೇಡ ಅಂತ ಗಟ್ಟಿಯಾಗಿ ಅನ್ನಬೇಕಂತೆ.